ವಸಂತ ಕಾಲದಲ್ಲಿ ಸಾವಯವ ಹಣ್ಣು-ತರಕಾರಿ: ಯಾವುದು, ಯಾವಾಗ, ಏಕೆ?

ಯುಗಾದಿ ಸಮೀಪಿಸುತ್ತಿದ್ದಂತೆ ತರಕಾರಿ ಅಂಗಡಿಗಳಲ್ಲಿ 'ಸಾವಯವ' ಎಂಬ ಫಲಕ ತೂಗುವುದು ಈಗ ಸಾಮಾನ್ಯವಾಗಿದೆ. ಆ ಫಲಕದ ಕೆಳಗೆ ಹೂಕೋಸು, ಕ್ಯಾರೆಟ್, ಬೀನ್ಸ್, ಪಾಲಕ್, ಆಲೂಗಡ್ಡೆ, ಮಾವಿನ ಹಣ್ಣು ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಬೆಲೆ ಪಕ್ಕದ ಅಂಗಡಿಗಿಂತ ಹೆಚ್ಚು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ, ವಿಷವಿಲ್ಲದ್ದನ್ನು ತಿನ್ನಲಿ ಎಂದು ಎಷ್ಟೋ ಗೃಹಿಣಿಯರು ಹಿಂದೆ ಮುಂದೆ ನೋಡದೆ ಹಣ ಕೊಡುತ್ತಾರೆ. ಆದರೆ ಅಲ್ಲಿರುವುದೆಲ್ಲ ನಿಜಕ್ಕೂ ಸಾವಯವವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಪ್ರಯೋಗಾಲಯಕ್ಕೆ ಹೋಗುವ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರನ್ನು ಒಮ್ಮೆ ನೋಡಬೇಕು. ಯಾವ ತಿಂಗಳಲ್ಲಿ ಯಾವ ಬೆಳೆ ಸಹಜವಾಗಿ ಬರುತ್ತದೆ ಎಂದು ತಿಳಿದವರನ್ನು ಮೋಸಗೊಳಿಸುವುದು ಅಷ್ಟು ಸುಲಭವಲ್ಲ.

ಕರಾವಳಿಯಲ್ಲಿರುವ ನಮಗೆ ಈ ತಿಳಿವಳಿಕೆ ಎರಡು ಪಾಲು ಅಗತ್ಯ. ಏಕೆಂದರೆ ನಮ್ಮ ಅಡುಗೆಮನೆಗೆ ಬರುವ ತರಕಾರಿಯಲ್ಲಿ ಬಹುಪಾಲು ಘಟ್ಟದ ಮೇಲಿನದು. ಹಾಸನ, ಚಿಕ್ಕಮಗಳೂರು, ಮೈಸೂರು ಕಡೆಯಿಂದ ಶಿರಾಡಿ, ಚಾರ್ಮಾಡಿ ಘಟ್ಟಗಳನ್ನಿಳಿದು ಬರುವ ಲಾರಿಗಳೇ ಮಂಗಳೂರಿನ ಮಾರುಕಟ್ಟೆಯನ್ನು ತುಂಬಿಸುತ್ತವೆ. ಆದ್ದರಿಂದ ವಸಂತದಲ್ಲಿ ನಮ್ಮ ತಟ್ಟೆಗೆ ಏನು ಬರುತ್ತದೆ ಎಂಬುದನ್ನು ಅರಿಯಬೇಕಾದರೆ ಘಟ್ಟದ ಮೇಲಿನ ಒಂದು ಊರಿನಿಂದ ಆರಂಭಿಸುವುದು ಒಳ್ಳೆಯದು. ಹಾಸನ ಜಿಲ್ಲೆಯ ಗೊರೂರನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಗೊರೂರು ಮತ್ತು ನೀರಿನ ಲೆಕ್ಕ

ಗೊರೂರು ಹೇಮಾವತಿ ನದಿಯ ದಂಡೆಯಲ್ಲಿರುವ ಊರು. ಕನ್ನಡಿಗರಿಗೆ ಈ ಹೆಸರು ಲೇಖಕ ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904-1991) ಅವರಿಂದ ಪರಿಚಿತ. ರೈತರಿಗೆ ಮಾತ್ರ ಗೊರೂರು ಎಂದರೆ ಅಣೆಕಟ್ಟು. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುವ ಹೇಮಾವತಿಗೆ ಇಲ್ಲಿ ಕಟ್ಟಿದ ಜಲಾಶಯ 1979ರಲ್ಲಿ ಪೂರ್ಣಗೊಂಡಿತು. ಅದರ ಗರಿಷ್ಠ ಮಟ್ಟ 2,922 ಅಡಿ. ತುಂಬಿದಾಗ ಸುಮಾರು 37 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಹಾಸನ ಜಿಲ್ಲೆಗಷ್ಟೇ ಅಲ್ಲ, ಮಂಡ್ಯ, ತುಮಕೂರು ಜಿಲ್ಲೆಗಳಿಗೂ ಇಲ್ಲಿಂದ ನಾಲೆಗಳು ಹೊರಡುತ್ತವೆ.

ಈ ಜಲಾಶಯದ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ರೋಸರಿ ಚರ್ಚ್ ನಿಂತಿರುವುದು ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ದೇವಾಲಯ, ಅಣೆಕಟ್ಟು ಕಟ್ಟಿದ ಮೇಲೆ ಊರು ಬೇರೆಡೆಗೆ ಹೋದ ಕಾರಣ ಪಾಳುಬಿದ್ದಿತು. ಮಳೆಗಾಲದಲ್ಲಿ ಗೋಡೆಗಳ ಮೇಲ್ಭಾಗ ಮಾತ್ರ ಕಾಣುತ್ತದೆ. ಬೇಸಿಗೆ ಬಂದಂತೆ ನೀರು ಇಳಿಯುತ್ತದೆ, ನೆಲ ಕಾಣುತ್ತದೆ, ಜನ ನಡೆದುಕೊಂಡೇ ಅದರ ಬುಡಕ್ಕೆ ಹೋಗುತ್ತಾರೆ. ಪ್ರವಾಸಿಗರು ಅಲ್ಲಿ ಛಾಯಾಚಿತ್ರ ತೆಗೆಯುವ ಹೊತ್ತಿನಲ್ಲಿ ಸುತ್ತಲಿನ ರೈತ ಬೇರೊಂದು ಸಂಗತಿಯನ್ನು ಓದಿಕೊಳ್ಳುತ್ತಾನೆ: ಈ ಬೇಸಿಗೆಗೆ ಎಷ್ಟು ನೀರು ಉಳಿದಿದೆ? ಜಲಾಶಯದ ನೀರಿನಲ್ಲಿ ಮೊದಲ ಪಾಲು ಮಳೆಗಾಲದ ಬೆಳೆಗೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಕುಡಿಯುವ ನೀರಿನ ಚಿಂತೆ ಮುಂದೆ ಬರುತ್ತದೆ. ಆಗ ತರಕಾರಿ ಬೆಳೆಯುವವನಿಗೆ ಉಳಿಯುವುದು ಬಾವಿ, ಕೊಳವೆಬಾವಿ ಮತ್ತು ಆಗೊಮ್ಮೆ ಈಗೊಮ್ಮೆ ಬೀಳುವ ಮಾವಿನ ಮಳೆ.

ಹೀಗಾಗಿ ನಮ್ಮ ವಸಂತ ಎಂದರೆ ನೀರು ಕಡಿಮೆಯಿರುವ ಕಾಲ. ಇದು ಮೊದಲು ಅರ್ಥವಾಗಬೇಕಾದ ವಿಷಯ.

ನಮ್ಮ ವಸಂತವೇ ಬೇರೆ

ಅಂತರ್ಜಾಲದಲ್ಲಿ 'ವಸಂತದ ತರಕಾರಿ' ಎಂದು ಹುಡುಕಿದರೆ ಹಸಿರು ಬಟಾಣಿ, ಲೆಟ್ಯೂಸ್, ಮೂಲಂಗಿ, ಸ್ಟ್ರಾಬೆರಿ ಎಂಬ ಪಟ್ಟಿಗಳು ಸಿಗುತ್ತವೆ. ಅವು ಯುರೋಪ್, ಅಮೆರಿಕಗಳ ಪಟ್ಟಿಗಳು. ಅಲ್ಲಿ ಹಿಮ ಕರಗಿ ನೆಲ ತೇವವಾಗಿ, ತಣ್ಣನೆಯ ಹವೆಯಲ್ಲಿ ಚಿಗುರುವ ಕಾಲವೇ ವಸಂತ. ನಮ್ಮ ಚೈತ್ರ-ವೈಶಾಖ, ಅಂದರೆ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಕಾಲ, ಅದಕ್ಕೆ ತದ್ವಿರುದ್ಧ. ಮರಗಳು ಚಿಗುರುತ್ತವೆ ನಿಜ. ಆದರೆ ನೆಲ ಒಣಗಿರುತ್ತದೆ, ಬಿಸಿಲು ಏರುತ್ತಿರುತ್ತದೆ. ಆಳಕ್ಕೆ ಬೇರಿಳಿಸಿದ ಮರಗಳಿಗೆ ಇದು ಸುಗ್ಗಿ. ಮಾವು, ಹಲಸು, ನುಗ್ಗೆ, ಹುಣಸೆ, ಗೇರು ಎಲ್ಲ ಫಲ ಕೊಡುವುದು ಈಗಲೇ. ಮೇಲ್ಪದರದ ತೇವವನ್ನೇ ನಂಬಿದ ಸೂಕ್ಷ್ಮ ಗಿಡಗಳಿಗೆ ಇದು ಕಷ್ಟದ ಕಾಲ. ನಮ್ಮ ವಸಂತದ ಊಟ ಮರದಿಂದ ಮತ್ತು ಬಳ್ಳಿಯಿಂದ ಬರಬೇಕು ಎಂಬುದನ್ನು ಹಿರಿಯರು ಯಾರೂ ಹೇಳಿಕೊಡದೆಯೇ ಅರಿತಿದ್ದರು.

ಹಾಸನದ ಸೀಮೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ರಾತ್ರಿ ಸ್ವಲ್ಪ ತಂಪು. ಆದ್ದರಿಂದ ಬೀನ್ಸ್, ಎಲೆಕೋಸು, ಕ್ಯಾರೆಟ್ ಮುಂತಾದವು ಅಲ್ಲಿ ಕರಾವಳಿಗಿಂತ ಹೆಚ್ಚು ಕಾಲ ನಿಲ್ಲುತ್ತವೆ. ಆದರೂ ಮಾರ್ಚ್ ಕಳೆಯುತ್ತಿದ್ದಂತೆ ಅವುಗಳ ಕಾಲವೂ ಮುಗಿಯುತ್ತದೆ. ಬಿಸಿಲು ಹೆಚ್ಚಾದರೆ ಬೀನ್ಸ್ ಗಿಡ ಹೂವನ್ನು ಉದುರಿಸುತ್ತದೆ. ಹೂಕೋಸು ಬಿಗಿಯಾಗಿ ಕಟ್ಟುವುದಿಲ್ಲ. ಕ್ಯಾರೆಟ್ಟಿಗೆ ಬಣ್ಣ, ಸಿಹಿ ಕಡಿಮೆಯಾಗುತ್ತದೆ.

ಕಾಲ ತಪ್ಪಿದ ಬೆಳೆಗೆ ಔಷಧಿ ಏಕೆ ಹೆಚ್ಚು?

ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಕೀಟ. ಒಣ ಬಿಸಿಹವೆಯಲ್ಲಿ ರಸ ಹೀರುವ ಕೀಟಗಳು ವಿಪರೀತವಾಗಿ ಹೆಚ್ಚುತ್ತವೆ. ಬಿಳಿನೊಣ, ನುಸಿ, ಥ್ರಿಪ್ಸ್, ಹೇನುಗಳು ಎಲೆಯ ಅಡಿಯಲ್ಲಿ ಕುಳಿತು ರಸ ಹೀರುತ್ತವೆ. ಟೊಮೆಟೊ ಎಲೆ ಮುದುರುವ ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಬಿಳಿನೊಣವೇ. ಕೋಸಿನ ಜಾತಿಗೆ ವಜ್ರಬೆನ್ನಿನ ಪತಂಗದ ಕಾಟ. ಮೊದಲೇ ಬಿಸಿಲಿಗೆ ಬಳಲಿದ ಗಿಡದ ಮೇಲೆ ಇಷ್ಟೆಲ್ಲ ಮುತ್ತಿಕೊಂಡಾಗ, ಬೆಳೆ ಉಳಿಸಿಕೊಳ್ಳಲು ಸಾಮಾನ್ಯ ರೈತ ಮತ್ತೆ ಮತ್ತೆ ಔಷಧಿ ಹೊಡೆಯಬೇಕಾಗುತ್ತದೆ. ಸಾವಯವ ರೈತನ ಕೈಯಲ್ಲಿರುವುದು ಬೇವಿನ ಎಣ್ಣೆ, ಬೇವಿನ ಬೀಜದ ಕಷಾಯ, ಹಳದಿ ಅಂಟು ಹಾಳೆ, ಮೋಹಕ ಬಲೆ ಇಂಥವು. ಹಾವಳಿ ಮಿತಿಯಲ್ಲಿದ್ದಾಗ ಇವು ಕೆಲಸ ಮಾಡುತ್ತವೆ. ಮಿತಿ ಮೀರಿದಾಗ ಸಾಲುವುದಿಲ್ಲ. ಆದ್ದರಿಂದ ಬುದ್ಧಿವಂತ ಸಾವಯವ ರೈತ ಏಪ್ರಿಲಿನಲ್ಲಿ ಹೂಕೋಸು ಹಾಕುವುದೇ ಇಲ್ಲ. ಅವನ ಮೊದಲ ಕೀಟನಾಶಕ ಋತುಮಾನವೇ.

ಎರಡನೆಯದು ಗೊಬ್ಬರ. ಯೂರಿಯಾ ನೀರಿನಲ್ಲಿ ಕರಗಿ ಕೆಲವೇ ದಿನಗಳಲ್ಲಿ ಗಿಡಕ್ಕೆ ಸಿಗುತ್ತದೆ. ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಹಸಿರೆಲೆ ಗೊಬ್ಬರ ಹಾಗಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಕೊಡಬೇಕು. ಆ ಜೀವಿಗಳಿಗೆ ತೇವ ಬೇಕು. ನೆಲ ಒಣಗಿದರೆ ಅವುಗಳ ಕೆಲಸ ನಿಧಾನವಾಗುತ್ತದೆ. ಹಾಗಾಗಿ ಸಾವಯವ ಹೊಲದಲ್ಲಿ ಬೇಸಿಗೆ ಬೆಳೆ ತೆಗೆಯಬೇಕಾದರೆ ಒಣಹುಲ್ಲು, ತರಗೆಲೆ, ತೆಂಗಿನ ಗರಿ ಮುಚ್ಚಿ ತೇವ ಕಾಪಾಡಬೇಕು. ಅಷ್ಟು ಮುಚ್ಚಿಗೆ ಒದಗಿಸಲು ಸಾಧ್ಯವಿರುವುದು ಸ್ವಲ್ಪ ಜಾಗಕ್ಕೆ ಮಾತ್ರ. ಹೀಗಾಗಿ ವಸಂತದಲ್ಲಿ ನಿಜವಾದ ಸಾವಯವ ಸೊಪ್ಪು-ತರಕಾರಿ ಬರುವುದು ಸಣ್ಣ ಸಣ್ಣ ಕಂತೆಗಳಲ್ಲಿ, ಲಾರಿಗಟ್ಟಲೆ ಬರುವುದಿಲ್ಲ.

ಮೂರನೆಯದು ಸಾಗಣೆ ಮತ್ತು ದಾಸ್ತಾನು. ಇಲ್ಲಿ ಕಾಲವಲ್ಲದ ಪದಾರ್ಥ ದೂರದಿಂದ ಬರಬೇಕು. ದೂರದಿಂದ ಬರುವುದು ಎಳೆಯದರಲ್ಲೇ ಕೊಯ್ದದ್ದಾಗಿರುತ್ತದೆ, ಅಥವಾ ಶೀತಲಗೃಹದಲ್ಲಿ ಇಟ್ಟದ್ದಾಗಿರುತ್ತದೆ. ಕೈ ಬದಲಾದಷ್ಟೂ 'ಇದು ಯಾರ ಹೊಲದ್ದು' ಎಂಬ ಪ್ರಶ್ನೆಗೆ ಉತ್ತರ ಮಸುಕಾಗುತ್ತದೆ.

ಹಾಸನದ ಆಲೂಗಡ್ಡೆ ಕಲಿಸುವ ಪಾಠ

ಹಾಸನವೆಂದರೆ ಆಲೂಗಡ್ಡೆ ಎಂಬ ಮಾತು ರಾಜ್ಯದಲ್ಲೆಲ್ಲ ಇದೆ. ಆದರೆ ಏಪ್ರಿಲಿನಲ್ಲಿ 'ಹಾಸನದ ಹೊಸ ಸಾವಯವ ಆಲೂಗಡ್ಡೆ' ಎಂದು ಯಾರಾದರೂ ರಾಶಿ ಹಾಕಿ ಮಾರಿದರೆ ಅನುಮಾನಿಸಬೇಕು. ಹಾಸನದ ಮುಖ್ಯ ಆಲೂಗಡ್ಡೆ ಮಳೆಗಾಲದ ಬೆಳೆ. ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗಡ್ಡೆ ಹಾಸನದ ಮಾರುಕಟ್ಟೆಯಲ್ಲಿ ಮಾರಾಟವಾಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಮೇ ಕೊನೆ, ಜೂನ್ ಹೊತ್ತಿಗೆ ಬಿತ್ತನೆ. ಗಡ್ಡೆ ಕೀಳುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ. ವಸಂತದಲ್ಲಿ ನಮ್ಮ ಅಂಗಡಿಗಳಿಗೆ ಬರುವ ಆಲೂಗಡ್ಡೆಯಲ್ಲಿ ಹೆಚ್ಚಿನದು ಉತ್ತರ ಭಾರತದ ಬಯಲಿನ ಚಳಿಗಾಲದ ಬೆಳೆ.

ಈ ಬೆಳೆಗೆ ಇನ್ನೊಂದು ಸಂಕಟವೂ ಇದೆ. ಜಡಿಮಳೆ, ಮೋಡ, ತಂಪು ಹವೆ ಸೇರಿದರೆ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡುತ್ತದೆ. 1845ರ ನಂತರ ಐರ್ಲೆಂಡಿನಲ್ಲಿ ಭೀಕರ ಬರಗಾಲಕ್ಕೆ ಕಾರಣವಾದದ್ದು ಇದೇ ರೋಗ. ಹಾಸನದಲ್ಲಿ ಅಂಗಮಾರಿಯ ಹೊಡೆತದಿಂದ ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಜೋಳ, ಶುಂಠಿಗಳತ್ತ ತಿರುಗಿದರು. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಂಥ ತಾಮ್ರದ ಔಷಧಿಗೆ ಸಾವಯವ ನಿಯಮಗಳಲ್ಲಿ ಮಿತಿಯೊಳಗೆ ಅವಕಾಶವಿದೆ. ಆದರೂ ಸಾವಯವ ಪದ್ಧತಿಯಲ್ಲಿ ಆಲೂಗಡ್ಡೆ ತೆಗೆಯುವುದು ದೊಡ್ಡ ಸಾಹಸವೇ ಸರಿ. ಆ ಸಾಹಸ ಮಾಡಿದ ರೈತನಿಗೆ ಸೆಪ್ಟೆಂಬರಿನಲ್ಲಿ ಒಳ್ಳೆಯ ಬೆಲೆ ಸಿಗಬೇಕು. ಏಪ್ರಿಲಿನಲ್ಲಿ ಅವನ ಹೆಸರಿನಲ್ಲಿ ಬೇರೆಯವರು ಮಾರಿಕೊಂಡರೆ ನಷ್ಟ ಕೊಳ್ಳುವವರಿಗೂ ಹೌದು, ಅವನಿಗೂ ಹೌದು.

ತಿಂಗಳುವಾರು ಏನು ಸಿಗುತ್ತದೆ?

ಘಟ್ಟದ ಮೇಲಿನ ಹಾಸನ ಸೀಮೆಯನ್ನೂ ನಮ್ಮ ಕರಾವಳಿಯನ್ನೂ ಒಟ್ಟಿಗೆ ಇಟ್ಟು ಒಂದು ಸರಳ ಲೆಕ್ಕ ಇಲ್ಲಿದೆ. ಮಳೆ, ಬಿಸಿಲಿನ ಮೇಲೆ ಎರಡು-ಮೂರು ವಾರ ಹಿಂದುಮುಂದಾಗಬಹುದು.

ಮಾರ್ಚ್: ಡಿಸೆಂಬರಿನಿಂದ ನಡೆದ ಅವರೆಕಾಯಿಯ ಸುಗ್ಗಿ ಮುಗಿದಿರುತ್ತದೆ. ಘಟ್ಟದ ಬಟಾಣಿ, ಬೀನ್ಸ್, ಕೋಸುಗಳ ಕೊನೆಯ ಕೊಯ್ಲು. ಬದನೆ, ಮೂಲಂಗಿ, ದಂಟು, ಹರಿವೆ ಸಿಗುತ್ತವೆ. ನುಗ್ಗೆಕಾಯಿ ಹೇರಳವಾಗುವ ಕಾಲ. ಕರಾವಳಿಯಲ್ಲಿ ಗುಜ್ಜೆ, ಅಂದರೆ ಎಳೆ ಹಲಸು. ಮಲೆನಾಡಿನಿಂದ ಉಪ್ಪಿನಕಾಯಿಗೆ ಅಪ್ಪೆಮಿಡಿ. ಹೊಸ ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ ಇಡುವ ಸಮಯವೂ ಇದೇ. ಉಡುಪಿಯ ಮಟ್ಟುವಿನ ಗುಳ್ಳ ಇನ್ನೂ ಸಿಗುತ್ತಿರುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಬದನೆ ಮಳೆಗಾಲ ಮುಗಿದ ಮೇಲೆ ನೆಟ್ಟು ಬೇಸಿಗೆಯವರೆಗೆ ಕೊಯ್ಯುವ ಬೆಳೆ. ಹಣ್ಣುಗಳಲ್ಲಿ ಕಲ್ಲಂಗಡಿ, ಕರಬೂಜ, ಬಾಳೆ, ಪಪ್ಪಾಯ.

ಏಪ್ರಿಲ್: ಇದು ಬಳ್ಳಿ ತರಕಾರಿಗಳ ತಿಂಗಳು. ಕರಾವಳಿಯಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಬಾವಿ ನೀರಿನಿಂದ ಬೆಳೆದ ಸೌತೆ, ಹೀರೆ, ಪಡುವಲ, ಹಾಗಲ, ಅಲಸಂಡೆ, ಬೆಂಡೆ, ತೊಂಡೆ, ಹರಿವೆ, ಬಸಳೆ. 'ಊರಿನ ಬೆಂಡೆ', 'ಊರಿನ ಸೌತೆ' ಎಂದು ನಾವು ವಿಶೇಷವಾಗಿ ಕೇಳುವುದು ಇವನ್ನೇ. ಗೇರು ಹಣ್ಣು ಮತ್ತು ಹಸಿ ಗೇರುಬೀಜ. ಮಾವಿನಕಾಯಿ. ಕಾಡಂಚಿನಲ್ಲಿ ಕವಳಿ ಹಣ್ಣು. ತಿಂಗಳ ಕೊನೆಗೆ ಹಲಸು ಬಲಿಯುತ್ತದೆ, ಹಪ್ಪಳಕ್ಕೆ ತಯಾರಾಗುತ್ತದೆ. ಪುನರ್ಪುಳಿ ಕೆಂಪಾಗತೊಡಗುತ್ತದೆ.

ಮೇ: ಹಣ್ಣುಗಳ ತಿಂಗಳು. ಮಾವು, ಹಲಸು ಎರಡೂ ತುಂಬಿರುತ್ತವೆ. 'ಹಸಿದು ಹಲಸು, ಉಂಡು ಮಾವು' ಎಂಬ ಗಾದೆ ಹುಟ್ಟಿದ್ದು ಇಂಥ ಸಮೃದ್ಧಿಯಲ್ಲೇ. ಕರಾವಳಿಯ ಮುಂಡಪ್ಪ ಮಾವು ಹಣ್ಣಾಗುತ್ತದೆ. ತಿಂಗಳ ಕೊನೆಗೆ ನೇರಳೆ ಆರಂಭ. ತರಕಾರಿ ಮಾತ್ರ ಕಡಿಮೆ. ಆಗ ಕೈಹಿಡಿಯುವುದು ಕೊಯ್ದಿಟ್ಟ ಸಾಂಬಾರ್ ಸೌತೆ, ಸಿಹಿಗುಂಬಳ, ಬೂದುಗುಂಬಳ. ಬಾಳೆನಾರಿನಲ್ಲಿ ಕಟ್ಟಿ ಅಟ್ಟದಿಂದ ತೂಗುಹಾಕಿದ ಸೌತೆಕಾಯಿ ತಿಂಗಳುಗಟ್ಟಲೆ ಕೆಡದೆ ಉಳಿಯುವುದನ್ನು ನಮ್ಮ ಹಳೆಯ ಮನೆಗಳವರೆಲ್ಲ ಬಲ್ಲರು. ಶೀತಲಗೃಹ ಬೇಡ, ಔಷಧಿ ಬೇಡ, ಗಾಳಿಯಾಡಿದರೆ ಸಾಕು.

ವರ್ಷವಿಡೀ ಕೈಗೆ ಸಿಗುವ ನುಗ್ಗೆಸೊಪ್ಪು, ಒಂದೆಲಗ, ಚಕ್ರಮುನಿ, ಬಾಳೆದಿಂಡು, ಬಾಳೆಹೂವುಗಳನ್ನು ಮರೆಯಬಾರದು. ಇವಕ್ಕೆ ಯಾರೂ ಔಷಧಿ ಹೊಡೆಯುವ ಗೋಜಿಗೆ ಹೋಗುವುದು ಅಪರೂಪ. ಸಾವಯವ ಎಂದರೆ ಶ್ರೀಮಂತರ ಆಹಾರ ಎಂಬ ಮಾತು ಕೇಳಿಬರುತ್ತದೆ. ಮಾರ್ಚಿನಲ್ಲಿ ಸಾವಯವ ಹೂಕೋಸು ಹುಡುಕಿದರೆ ಅದು ನಿಜ. ಗುಜ್ಜೆಯ ಪಲ್ಯ, ನುಗ್ಗೆಸೊಪ್ಪಿನ ಸಾರು ಮಾಡಿದರೆ ಖಂಡಿತ ಅಲ್ಲ.

ಹಲಸಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಈ ಹಣ್ಣಿಗೆ ಮರ್ಯಾದೆ ಬರಲು 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕ ಶ್ರೀಪಡ್ರೆಯವರ ಬರಹಗಳು ಬಹಳ ಕೆಲಸ ಮಾಡಿವೆ. ನಮ್ಮಲ್ಲಿ ಹೆಚ್ಚಿನ ಹಲಸಿನ ಮರಗಳಿಗೆ ಗೊಬ್ಬರವೂ ಇಲ್ಲ, ಔಷಧಿಯೂ ಇಲ್ಲ. ಪ್ರಮಾಣಪತ್ರವಿಲ್ಲದೆಯೇ ಅವು ಸಾವಯವ.

ಮಾವು ಕೊಳ್ಳುವಾಗ

ವಸಂತದಲ್ಲಿ ಹೆಚ್ಚು ಮೋಸ ನಡೆಯುವುದು ಮಾವಿನಲ್ಲಿ. ನಮ್ಮ ಕಡೆ ಮಾವು ಹೂ ಬಿಡುವುದು ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಹೂವಿನಿಂದ ಬಲಿತ ಕಾಯಿಯಾಗಲು ಸುಮಾರು ನಾಲ್ಕು ತಿಂಗಳು ಬೇಕು. ಹಾಗಾದರೆ ಮಾರ್ಚಿನಲ್ಲೇ ಅಂಗಡಿಯಲ್ಲಿ ಹಳದಿಯಾಗಿ ಹೊಳೆಯುವ ಹಣ್ಣು ಎಲ್ಲಿಂದ ಬಂತು? ಕೇರಳದ ಪಾಲಕ್ಕಾಡ್ ಜಿಲ್ಲೆಯ ಮುತಲಮಡದಂಥ ಕಡೆಗಳಲ್ಲಿ ಬೆಳೆ ಬೇಗ ಬರುತ್ತದೆ, ಅದು ಇರಬಹುದು. ಇಲ್ಲವಾದರೆ ಬಲಿಯದ ಕಾಯಿಯನ್ನು ಕಿತ್ತು ಬಲವಂತವಾಗಿ ಹಣ್ಣು ಮಾಡಿರಬಹುದು. ರಾಮನಗರದ ಬಾದಾಮಿ ಸಾಮಾನ್ಯವಾಗಿ ಏಪ್ರಿಲಿನಿಂದ, ಕೋಲಾರದ ಶ್ರೀನಿವಾಸಪುರದ ಮಾವು ಮೇ ಮಧ್ಯದಿಂದ ಮಾರುಕಟ್ಟೆಗೆ ಬರುತ್ತದೆ.

ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದು ಭಾರತದಲ್ಲಿ ನಿಷಿದ್ಧ. ಅದರಿಂದ ಹೊರಡುವ ಅಸಿಟಿಲೀನ್ ಅನಿಲದ ಜೊತೆ ಆರ್ಸೆನಿಕ್ ಮತ್ತು ರಂಜಕದ ಅಂಶಗಳೂ ಬರುತ್ತವೆ. ಇದರ ಬದಲು ಮಿತ ಪ್ರಮಾಣದ ಎಥಿಲೀನ್ ಅನಿಲಕ್ಕೆ ಅನುಮತಿ ಇದೆ. ಅದು ಹಣ್ಣು ತಾನಾಗಿ ಬಿಡುವ ಅನಿಲವೇ. ಮನೆಗೆ ಬೇಕಾದಷ್ಟಕ್ಕೆ ಇದಾವುದೂ ಬೇಡ. ಬಲಿತ ಕಾಯಿಯನ್ನು ಭತ್ತದ ಹುಲ್ಲಿನಲ್ಲಿ ಹರಡಿ ಮುಚ್ಚಿಟ್ಟರೆ ವಾರದೊಳಗೆ ಹಣ್ಣಾಗುತ್ತದೆ. ಹೊರಗೆ ಒಂದೇ ಸಮ ಹಳದಿ, ಒಳಗೆ ಹುಳಿ, ಮೂಗಿಗೆ ಪರಿಮಳವಿಲ್ಲ ಎಂದಾದರೆ ಅಂಥ ಹಣ್ಣನ್ನು ಬಿಟ್ಟುಬಿಡುವುದು ಒಳ್ಳೆಯದು.

ವಿಷದ ಬೆಲೆ ನಮಗೆ ಗೊತ್ತು

'ಸ್ವಲ್ಪ ಔಷಧಿ ಇದ್ದರೆ ಏನಾಯಿತು?' ಎನ್ನುವವರಿಗೆ ಕರಾವಳಿಯಲ್ಲಿ ಹೆಚ್ಚು ವಿವರಣೆ ಬೇಕಾಗಿಲ್ಲ. ಗೇರು ಮರ ಹೂಬಿಡುವ ಹೊತ್ತಿನಲ್ಲಿ ಚಹಾ ಸೊಳ್ಳೆ ಎಂಬ ಕೀಟದ ಕಾಟ ತಪ್ಪಿಸಲು ಕಾಸರಗೋಡಿನ ಸರ್ಕಾರಿ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಸುತ್ತಮುತ್ತಲ ಊರುಗಳೂ ಇದನ್ನು ಅನುಭವಿಸಿದವು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು, ಅವರನ್ನು ಬಿಟ್ಟು ಹೊರಗೆ ಹೋಗಲಾಗದ ತಾಯಂದಿರು ಇಂದಿಗೂ ಆ ಊರುಗಳಲ್ಲಿದ್ದಾರೆ. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಅದನ್ನು ನಿಷೇಧಿಸಿತು.

ಇಲ್ಲಿ ನೆನಪಿಡಬೇಕಾದ ಒಂದು ಸಂಗತಿಯಿದೆ. ಸಾವಯವ ತರಕಾರಿಯಲ್ಲಿ ಪೋಷಕಾಂಶ ಬಹಳ ಹೆಚ್ಚು ಎಂದು ಹೇಳುವ ಜಾಹೀರಾತುಗಳನ್ನು ಅಧ್ಯಯನಗಳು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಸಾವಯವದ ನಿಜವಾದ ಲಾಭ ಇರುವುದು ಕೀಟನಾಶಕದ ಶೇಷ ಕಡಿಮೆಯಿರುವುದರಲ್ಲಿ, ಮಣ್ಣು ಜೀವಂತ ಉಳಿಯುವುದರಲ್ಲಿ. ಅದಕ್ಕಿಂತ ಮುಖ್ಯವಾಗಿ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಕೂಲಿಯಾಳು ಆ ವಿಷವನ್ನು ಉಸಿರಾಡಬೇಕಾಗಿಲ್ಲ. ನಾವು ತರಕಾರಿ ತೊಳೆದು ತಿನ್ನಬಹುದು. ಅವನಿಗೆ ತೊಳೆದುಕೊಳ್ಳಲಾಗದಷ್ಟು ಒಳಗೆ ಅದು ಇಳಿದಿರುತ್ತದೆ.

ಪ್ರಮಾಣಪತ್ರ ಎಂದರೇನು?

ಕರ್ನಾಟಕ ಸರ್ಕಾರ 2004ರಲ್ಲೇ ಸಾವಯವ ಕೃಷಿ ನೀತಿಯನ್ನು ರೂಪಿಸಿತ್ತು. ಇಂದು ದೇಶದಲ್ಲಿ ಎರಡು ರೀತಿಯ ದೃಢೀಕರಣಗಳಿವೆ. ಒಂದು, ಸಾವಯವ ಉತ್ಪನ್ನಗಳ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಹೊರಗಿನ ಸಂಸ್ಥೆಯೊಂದು ಬಂದು ತಪಾಸಣೆ ಮಾಡಿ ಕೊಡುವ ಪ್ರಮಾಣಪತ್ರ. ಮತ್ತೊಂದು, ಕನಿಷ್ಠ ಐವರು ರೈತರ ಸ್ಥಳೀಯ ಗುಂಪು ಪರಸ್ಪರರ ಹೊಲ ನೋಡಿ ಭರವಸೆ ಕೊಡುವ ಪಿ.ಜಿ.ಎಸ್. ಪದ್ಧತಿ. ಖರ್ಚು ಕಡಿಮೆಯಾದ್ದರಿಂದ ಸಣ್ಣ ರೈತರಿಗೆ ಎರಡನೆಯದು ಅನುಕೂಲ.

ರಾಸಾಯನಿಕ ನಿಲ್ಲಿಸಿದ ಮರುದಿನವೇ ಹೊಲ ಸಾವಯವವಾಗುವುದಿಲ್ಲ. ರಾಷ್ಟ್ರೀಯ ನಿಯಮದ ಪ್ರಕಾರ ತರಕಾರಿಯಂಥ ವಾರ್ಷಿಕ ಬೆಳೆಗಳಿಗೆ ಎರಡು ವರ್ಷ, ಮಾವಿನಂಥ ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ ಪರಿವರ್ತನೆಯ ಕಾಲ. ಆ ಅವಧಿಯಲ್ಲಿ ರೈತನಿಗೆ ಇಳುವರಿ ಕಡಿಮೆ, ಸಾವಯವದ ಬೆಲೆಯೂ ಇಲ್ಲ. ಬಹಳ ಮಂದಿ ಕೈಬಿಡುವುದು ಈ ಹಂತದಲ್ಲೇ.

ಪೊಟ್ಟಣ ಕಟ್ಟಿ ಮಾರುವ ಸಾವಯವ ಆಹಾರಕ್ಕೆ 2017ರ ನಿಯಮಗಳ ಪ್ರಕಾರ 'ಜೈವಿಕ್ ಭಾರತ್' ಚಿಹ್ನೆ ಇದೆ. ಆದರೆ ಸಣ್ಣ ರೈತ ತಾನು ಬೆಳೆದದ್ದನ್ನು ನೇರವಾಗಿ ಗ್ರಾಹಕರಿಗೆ ಮಾರುವುದಾದರೆ ಪ್ರಮಾಣಪತ್ರ ಕಡ್ಡಾಯವಲ್ಲ. ಚಿಹ್ನೆ ಬಳಸುವಂತಿಲ್ಲ ಅಷ್ಟೆ. ಆದ್ದರಿಂದ ಚಿಹ್ನೆ ಇಲ್ಲ ಎಂದ ಮಾತ್ರಕ್ಕೆ ಸಂತೆಯ ಅಜ್ಜಿಯ ಬುಟ್ಟಿಯನ್ನು ಅನುಮಾನಿಸಬೇಕಾಗಿಲ್ಲ.

ತಪ್ಪು ತಿಳಿವಳಿಕೆಗಳೂ ಇವೆ. ಹುಳ ಕೊರೆದ ಬದನೆಯೆಲ್ಲ ಸಾವಯವವಲ್ಲ. ಔಷಧಿ ಹೊಡೆದ ಮೇಲೂ ಹುಳ ಉಳಿಯಬಹುದು. 'ನಾಟಿ' ಎಂದರೆ ತಳಿಯ ಹೆಸರು, ಬೆಳೆದ ವಿಧಾನವಲ್ಲ. ನಾಟಿ ಟೊಮೆಟೊಗೂ ರಾಸಾಯನಿಕ ಹಾಕಬಹುದು, ಹೈಬ್ರಿಡ್ ತಳಿಯನ್ನೂ ಸಾವಯವವಾಗಿ ಬೆಳೆಯಬಹುದು. ಉಪ್ಪು ನೀರಿನಲ್ಲಿ ತೊಳೆದರೆ ಮೇಲ್ಮೈಯ ಶೇಷ ಸ್ವಲ್ಪ ಕಡಿಮೆಯಾಗುತ್ತದೆ. ಗಿಡದ ಒಳಗೆ ಸೇರಿದ ಔಷಧಿ ಹೋಗುವುದಿಲ್ಲ.

ಕೊಳ್ಳುವಾಗ ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಒಂದು: ಇದು ಯಾವ ಊರಿನದು? ನಿಜವಾದ ಸಾವಯವ ಮಾರಾಟಗಾರನಿಗೆ ರೈತನ ಹೆಸರು, ಊರು ಗೊತ್ತಿರುತ್ತದೆ.

ಎರಡು: ಯಾವಾಗ ಕೊಯ್ದದ್ದು? ಸೊಪ್ಪಿಗೆ ಒಂದು ದಿನ, ಕಾಯಿಗೆ ಎರಡು-ಮೂರು ದಿನ ಎಂಬ ಉತ್ತರ ಬಂದರೆ ಹತ್ತಿರದ್ದು ಎಂದರ್ಥ.

ಮೂರು: ಈ ತಿಂಗಳಲ್ಲಿ ನಿಮ್ಮಲ್ಲಿ ಏನು ಇಲ್ಲ? ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. 'ನಮ್ಮಲ್ಲಿ ಎಲ್ಲವೂ ಎಲ್ಲ ಕಾಲದಲ್ಲೂ ಸಿಗುತ್ತದೆ' ಎನ್ನುವವನಿಗಿಂತ, 'ಹೂಕೋಸು ಈಗ ಇಲ್ಲ, ನವೆಂಬರ್ ಆದ ಮೇಲೆ ಬನ್ನಿ' ಎನ್ನುವವನನ್ನು ನಂಬಬಹುದು.

ನಾಲ್ಕು: ಹುಳ ಬಂದರೆ ಏನು ಮಾಡುತ್ತೀರಿ? ಸಾವಯವ ರೈತ ಇದಕ್ಕೆ ಉತ್ತರಿಸಲು ತೊಡಗಿದರೆ ಅರ್ಧ ಗಂಟೆ ಬೇಕಾಗುತ್ತದೆ. ಅಷ್ಟು ಅನುಭವ ಅವನಲ್ಲಿರುತ್ತದೆ.

ಮಂಗಳೂರಿನಲ್ಲಿ ಸಾವಯವ ಕೃಷಿಕ ಗ್ರಾಹಕ ಬಳಗದವರು ನಡೆಸಿಕೊಂಡು ಬಂದ ವಾರದ ಸಂತೆಯಂಥ ಪ್ರಯತ್ನಗಳಲ್ಲಿ ಬೆಳೆದವರೂ ತಿನ್ನುವವರೂ ಮುಖಾಮುಖಿಯಾಗುತ್ತಾರೆ. ಅಲ್ಲಿ ಈ ಪ್ರಶ್ನೆಗಳನ್ನು ಕೇಳುವುದು ಸುಲಭ.

ನಾವು ಏನು ಮಾಡಬಹುದು?

ಕಾಲಕ್ಕೆ ತಕ್ಕ ಊಟ ನಮಗೆ ಹೊಸದಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ನಮ್ಮ ಮನೆಗಳಲ್ಲಿ ಮಾಡುವ ತರಕಾರಿ ಪದಾರ್ಥಗಳನ್ನು ನೆನಪಿಸಿಕೊಳ್ಳಿ. ಕೆಸುವಿನ ದಂಟು, ಬೆಂಡೆ, ಹೀರೆ, ಹರಿವೆ, ಎಲ್ಲ ಆ ಮಳೆಗಾಲದ ಕೊನೆಯಲ್ಲಿ ಹಿತ್ತಿಲಿನಲ್ಲಿ ಬೆಳೆಯುವಂಥವೇ. ಹಬ್ಬದ ಅಡುಗೆಯನ್ನು ನಿರ್ಧರಿಸಿದ್ದು ಹಿತ್ತಿಲು. ಅದೇ ಬುದ್ಧಿವಂತಿಕೆಯನ್ನು ವಸಂತಕ್ಕೂ ಬಳಸಿದರೆ ಸಾಕು. ತಪಸ್ಸುಕಾಲ ಬರುವುದೂ ಹೆಚ್ಚಾಗಿ ಇದೇ ತಿಂಗಳುಗಳಲ್ಲಿ. ಮಾಂಸ ಬಿಟ್ಟ ಶುಕ್ರವಾರಗಳಲ್ಲಿ ದೂರದ ದುಬಾರಿ ತರಕಾರಿಯ ಬದಲು ಗುಜ್ಜೆ, ನುಗ್ಗೆ, ಸೌತೆ, ಬಸಳೆ ಬೇಯಿಸಿದರೆ ಉಪವಾಸದ ಸರಳತೆಯೂ ಉಳಿಯುತ್ತದೆ, ಹತ್ತಿರದ ರೈತನ ಕೈಗೂ ನಾಲ್ಕು ಕಾಸು ಸೇರುತ್ತದೆ.

ಹಿತ್ತಿಲು ಇರುವವರು ಒಂದು ನುಗ್ಗೆ, ಒಂದು ಬಸಳೆ ಚಪ್ಪರ, ಎರಡು ಬುಡ ತೊಂಡೆ ಹಾಕಬಹುದು. ಪಾತ್ರೆ ತೊಳೆದ ನೀರನ್ನು ಬಾಳೆಯ ಬುಡಕ್ಕೆ ಬಿಡಬಹುದು. ಫ್ಲ್ಯಾಟಿನಲ್ಲಿರುವವರು ಹತ್ತು ಮನೆಗಳವರು ಸೇರಿ ಒಬ್ಬ ರೈತನೊಡನೆ ಮಾತಾಡಿಕೊಂಡು, ವಾರಕ್ಕೊಮ್ಮೆ ಅವನ ಹೊಲದಲ್ಲಿ ಏನಿದೆಯೋ ಅದನ್ನೇ ಕೊಳ್ಳುವ ಏರ್ಪಾಡು ಮಾಡಿಕೊಳ್ಳಬಹುದು. 'ನಮಗೆ ಇದೇ ಬೇಕು' ಎಂದು ಹಟ ಹಿಡಿಯದೆ 'ನಿನ್ನಲ್ಲಿ ಇರುವುದನ್ನು ಕೊಡು' ಎನ್ನುವ ಗ್ರಾಹಕ ಸಿಕ್ಕಿದರೆ ಸಾವಯವ ರೈತನ ಅರ್ಧ ಕಷ್ಟ ಪರಿಹಾರವಾದಂತೆ.

'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುತ್ತಾರೆ ಬಯಲುಸೀಮೆಯ ಹಿರಿಯರು. ಏಪ್ರಿಲ್ ಕೊನೆಯ ವಾರದಲ್ಲಿ ಆರಂಭವಾಗುವ ಆ ಮಳೆಗಾಗಿ ಗೊರೂರಿನ ಸುತ್ತಲಿನ ರೈತರು ಹೊಲ ಉತ್ತು ಕಾಯುತ್ತಾರೆ. ಅಲ್ಲಿಯವರೆಗೆ ಅವರ ಬಾವಿಯಲ್ಲಿರುವ ಅಷ್ಟಿಷ್ಟು ನೀರು ಯಾವ ಬೆಳೆಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ನಮ್ಮ ಪಾತ್ರವೂ ಇದೆ. ನಾವು ಬೇಸಿಗೆಯಲ್ಲಿ ಹೂಕೋಸು ಕೇಳಿದರೆ ಆ ನೀರು ಹೂಕೋಸಿಗೆ ಹೋಗುತ್ತದೆ, ಅದರ ಹಿಂದೆ ಔಷಧಿಯೂ ಹೋಗುತ್ತದೆ. ನಾವು ಸೌತೆ, ಹೀರೆ, ದಂಟು ಕೇಳಿದರೆ ಅದೇ ನೀರಿನಲ್ಲಿ, ವಿಷವಿಲ್ಲದೆ, ಹೆಚ್ಚು ಮನೆಗಳ ಊಟ ನಡೆಯುತ್ತದೆ. ಈ ವಾರ ಮಾರುಕಟ್ಟೆಗೆ ಹೋಗುವಾಗ ಪಟ್ಟಿ ಬರೆದುಕೊಳ್ಳದೆ ಬರಿಯ ಚೀಲ ಹಿಡಿದು ಹೋಗಿ. ಈಗ ಏನು ಬೆಳೆದಿದೆ ಎಂದು ಕೇಳಿ, ಅದನ್ನೇ ತನ್ನಿ.